ಬಾಗಿದ ಮೇಜು, ತೆಳುವಾದ ಹೊದಿಕೆ: ಮರಗೆಲಸದ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಹೊಸ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒತ್ತಿ ಇಡಲು ಅರ್ಧಚಂದ್ರಾಕಾರದ ಮೇಜು ಮಾಡಿಸುತ್ತಿದ್ದೇವೆ. ಅಗಲ 4 ಅಡಿ. ಮೇಲ್ಭಾಗಕ್ಕೂ, ಅದರ ಕೆಳಗೆ ಸುತ್ತುವರಿದು ಬರುವ 4 ಇಂಚಿನ ಬಾಗಿದ ಪಟ್ಟಿಗೂ ತೇಗದ ವೆನೀರ್ (ಮರದ ತೆಳು ಹಾಳೆ) ಹಚ್ಚಬೇಕೆಂಬ ಆಸೆ. ಪ್ಲೈವುಡ್‌ನ ಹಿಂಬದಿಗೆ ಗರಗಸದ ಗೀರು ಹಾಕಿ ಬಗ್ಗಿಸುತ್ತೇನೆ ಎಂದು ನಮ್ಮ ಆಚಾರರು ಹೇಳುತ್ತಾರೆ. ಇದು ಸರಿಯೇ?
(ಶಿರಸಿಯ ಓದುಗರು)

ಉತ್ತರ: ಗೀರು ಹಾಕಿ ಬಗ್ಗಿಸಿದರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಬಣ್ಣ ಬಳಿಯುವ ಅಂಗಡಿ ಕೌಂಟರಿಗೆ ಅದು ಸಾಕು. ವೆನೀರ್ ಹಚ್ಚುವ ಮೇಜಿಗೆ ಮಾತ್ರ ಬೇಡವೇ ಬೇಡ. ಬಗ್ಗುವುದು ಗೀರು ಬಿದ್ದ ಜಾಗದಲ್ಲಿ ಮಾತ್ರ. ಎರಡು ಗೀರುಗಳ ನಡುವಿನ ಮರ ಚಪ್ಪಟೆಯಾಗಿಯೇ ಉಳಿಯುತ್ತದೆ. ಅಂದರೆ ನಿಮ್ಮ ಕೈಗೆ ಸಿಗುವುದು ದುಂಡು ಪಟ್ಟಿಯಲ್ಲ, ಚಿಕ್ಕ ಚಿಕ್ಕ ಚಪ್ಪಟೆ ಮುಖಗಳ ಸಾಲು. ಪೇಟೆಯ ವೆನೀರ್ ಹಾಳೆಯ ದಪ್ಪವೋ, ಸುಮಾರು ಅರ್ಧ ಮಿಲಿಮೀಟರ್. ಪಾಲಿಶ್ ಆದ ಮೇಲೆ ಕಿಟಕಿಯ ಬೆಳಕು ಓರೆಯಾಗಿ ಬಿದ್ದರೆ ಆ ಮುಖಗಳೆಲ್ಲ ಒಂದೊಂದಾಗಿ ಎದ್ದು ಕಾಣುತ್ತವೆ. ವೆನೀರ್ ಅಡಿಯ ಮರದ ಬಣ್ಣವನ್ನು ಮುಚ್ಚುತ್ತದೆ, ಆಕಾರದ ತಪ್ಪನ್ನು ಮುಚ್ಚುವುದಿಲ್ಲ. ಬಾಗು ಮೊದಲು ತಾನೇ ಪರಿಪೂರ್ಣವಾಗಿ ನಿಲ್ಲಬೇಕು, ಹೊದಿಕೆ ಆಮೇಲೆ.

ಅದಕ್ಕೆ ಎರಡು ದಾರಿಗಳಿವೆ. ಒಂದು, ತೆಳು ಪದರಗಳನ್ನು ಅಚ್ಚಿನ ಮೇಲೆ ಅಂಟಿಸುವುದು. ಪೇಟೆಯಲ್ಲಿ ಫ್ಲೆಕ್ಸಿ ಪ್ಲೈ ಎಂಬ ಸುಲಭವಾಗಿ ಬಗ್ಗುವ ಪ್ಲೈವುಡ್ ಸಿಗುತ್ತದೆ. 3 ಮಿಲಿಮೀಟರಿನ ಆರು ಪದರಗಳು ಸೇರಿದರೆ 18 ಮಿಲಿಮೀಟರ್ ಪಟ್ಟಿಯಾಯಿತು. ಅಂಟು ಒಣಗಿದ ಮೇಲೆ ಪದರಗಳು ಒಂದರ ಮೇಲೊಂದು ಜಾರಲಾರವು, ಆದ್ದರಿಂದ ಬಾಗು ನಿಲ್ಲುತ್ತದೆ. ಅಚ್ಚಿನಿಂದ ತೆಗೆದಾಗ ಅದು ಚೂರು ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಪದರಗಳ ಸಂಖ್ಯೆ ಹೆಚ್ಚಿದಷ್ಟೂ ಈ ಬಿಚ್ಚುವಿಕೆ ಕಡಿಮೆ. ಇಲ್ಲಿ ಅಂಟಿನ ಆಯ್ಕೆ ಮುಖ್ಯ. ಮಾಮೂಲಿ ಬಿಳಿ ಅಂಟು ಒಣಗಿದ ಮೇಲೂ ಸ್ವಲ್ಪ ರಬ್ಬರಿನ ಗುಣ ಉಳಿಸಿಕೊಂಡಿರುತ್ತದೆ. ಬಗ್ಗಿದ ಮರ ಹಗಲಿರುಳು ಎಳೆಯುತ್ತಿದ್ದರೆ ವರ್ಷ ಕಳೆದಂತೆ ಅದು ಜಗ್ಗುತ್ತದೆ. ಗಡುಸಾಗಿ ಒಣಗುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟನ್ನಾಗಲಿ ಎಪಾಕ್ಸಿಯನ್ನಾಗಲಿ ಬಳಸಿ. ಕ್ಲಾಂಪುಗಳನ್ನು ನಡುವಿನಿಂದ ಶುರುಮಾಡಿ ಎರಡೂ ತುದಿಗಳ ಕಡೆಗೆ ಬಿಗಿಯುತ್ತ ಹೋಗಿ. ಅಚ್ಚಿನ ಮೇಲೆ ಪಾಲಿಥೀನ್ ಹಾಳೆ ಹಾಸಲು ಮರೆಯಬೇಡಿ, ಇಲ್ಲದಿದ್ದರೆ ಪಟ್ಟಿಯೂ ಅಚ್ಚೂ ಒಂದೇ ಆಗಿಬಿಡುತ್ತವೆ.

ನನಗೆ ಹೆಚ್ಚು ಪ್ರಿಯವಾದದ್ದು ಎರಡನೆಯ ದಾರಿ. ಹಳೆಯ ದುಂಡು ಮೇಜುಗಳ ವೆನೀರ್ ಎದ್ದುಹೋದ ಕಡೆ ಇಣುಕಿದರೆ ಇದು ಕಾಣುತ್ತದೆ: ಮರದ ಗಿಡ್ಡ ತುಂಡುಗಳನ್ನು ಇಟ್ಟಿಗೆ ಗೋಡೆಯಂತೆ ಸಂದು ತಪ್ಪಿಸಿ ಒಂದರ ಮೇಲೊಂದು ಅಂಟಿಸಿರುತ್ತಾರೆ. ನಿಮ್ಮ ಮೇಜಿನ ಲೆಕ್ಕವನ್ನೇ ಹಾಕೋಣ. ಮೇಲ್ಭಾಗದ ಅಂಚಿನಿಂದ ಪಟ್ಟಿ ಒಂದೂವರೆ ಇಂಚು ಒಳಗೆ ಬಂದರೆ ಅದರ ಹೊರ ತ್ರಿಜ್ಯ ಇಪ್ಪತ್ತೆರಡೂವರೆ ಇಂಚು. ಅರ್ಧವೃತ್ತವನ್ನು ಐದು ಪಾಲು ಮಾಡಿದರೆ ಒಂದೊಂದು ತುಂಡು 36 ಡಿಗ್ರಿ, ಉದ್ದ ಸುಮಾರು 14 ಇಂಚು. ಎರಡೂವರೆ ಇಂಚು ಅಗಲದ ಹಲಗೆಯಲ್ಲಿ ಆ ಬಾಗು ಧಾರಾಳವಾಗಿ ಕೂರುತ್ತದೆ. ಒಂದು ಇಂಚು ದಪ್ಪದ ಹಲಗೆಯಾದರೆ ನಾಲ್ಕು ಸಾಲಿಗೆ ನಿಮಗೆ ಬೇಕಾದ 4 ಇಂಚು ಎತ್ತರ ಸಿಗುತ್ತದೆ. ಎರಡನೆಯ ಮತ್ತು ನಾಲ್ಕನೆಯ ಸಾಲನ್ನು ಅರ್ಧ ತುಂಡಿನಿಂದ ಆರಂಭಿಸಿ, ಸಂದುಗಳು ಒಂದರ ಮೇಲೊಂದು ಬರಬಾರದು. ಇಲ್ಲಿ ಮರವನ್ನು ಬಗ್ಗಿಸುವ ಮಾತೇ ಇಲ್ಲ. ಬಗ್ಗಿಸದ ಮರ ಹಿಂದಕ್ಕೆ ಎಳೆಯುವುದೂ ಇಲ್ಲ, ಹಾಗಾಗಿ ಬಿಳಿ ಅಂಟೇ ಸಾಕು. ಅಚ್ಚು ಬೇಡ, ರಾಶಿ ಕ್ಲಾಂಪುಗಳು ಬೇಡ, ಕಿಟಕಿ ಬಾಗಿಲು ಮಾಡಿ ಉಳಿದ ತುಂಡುಗಳೇ ಆಗುತ್ತವೆ. ಚೆನ್ನಾಗಿ ಒಣಗಿರಬೇಕು, ಅಷ್ಟೇ. ಶಿರಸಿಯ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ.

ಅಂಟು ಒಣಗಿದ ಮೇಲೆ ಹೊರಮೈಯನ್ನು ಉಜ್ಜುಗೊರಡಿನಿಂದ ಹೆರೆದು ದುಂಡಗೆ ಮಾಡಬೇಕು. ಕಣ್ಣನ್ನು ನಂಬಬೇಡಿ. ಅದೇ ತ್ರಿಜ್ಯದಲ್ಲಿ ಕತ್ತರಿಸಿದ ಪ್ಲೈವುಡ್ ತುಂಡಿನ ಒಳಬಾಗಿಗೆ ಸೀಮೆಸುಣ್ಣ ಹಚ್ಚಿ ಪಟ್ಟಿಯ ಮೇಲೆ ಆಡಿಸಿ. ಸುಣ್ಣ ಮೆತ್ತಿಕೊಂಡ ಕಡೆ ಉಬ್ಬಿದೆ ಎಂದು ಅರ್ಥ. ಹೆರೆದು ಮತ್ತೆ ಆಡಿಸಿ. ಸುಣ್ಣ ಎಲ್ಲ ಕಡೆ ಸಮನಾಗಿ ತಾಗುವವರೆಗೆ ಬಿಡಬೇಡಿ. ಕೊನೆಗೆ ಕಣ್ಣುಮುಚ್ಚಿ ಅಂಗೈ ಎಳೆಯಿರಿ. ಕಣ್ಣಿಗೆ ಸಿಗದ ದಿಣ್ಣೆ ಅಂಗೈಗೆ ಸಿಗುತ್ತದೆ.

ಆಮೇಲೆ ವೆನೀರ್. ಅಂಗಡಿಯವರು 4 ಮಿಲಿಮೀಟರ್ ಪ್ಲೈ ಮೇಲೆ ಅಂಟಿಸಿದ ಸಿದ್ಧ ಹಾಳೆ ಕೊಡಲು ಬರುತ್ತಾರೆ. ಬಾಗಿದ ಪಟ್ಟಿಗೆ ಅದು ಬೇಡ, ಅದು ಸದಾ ನೆಟ್ಟಗಾಗಲು ಹವಣಿಸುತ್ತಿರುತ್ತದೆ. ಬಿಡಿ ವೆನೀರ್ ಹಾಳೆಯನ್ನೇ ಕೇಳಿ. ನಿಮ್ಮ ಪಟ್ಟಿಯ ಸುತ್ತಳತೆ ಸುಮಾರು 71 ಇಂಚು, 8 ಅಡಿಯ ಹಾಳೆಯಲ್ಲಿ ನಡುವೆ ಸಂದಿಲ್ಲದೆ ಮುಗಿಯುತ್ತದೆ. ಅದರ ಅಡಿಯಲ್ಲಿ ಮೊದಲು ಯಾವುದಾದರೂ ಅಗ್ಗದ ವೆನೀರನ್ನು ಎಳೆ ಅಡ್ಡವಾಗಿ ಬರುವಂತೆ ಹಚ್ಚಿದರೆ ತುಂಡುಗಳ ಸಂದು ಮುಂದೆಂದೂ ಮೇಲೆ ಮೂಡುವುದಿಲ್ಲ. ಒತ್ತಡ ಕೊಡಲು ಹಳೆಯ ಸೈಕಲ್ ಟ್ಯೂಬಿಗಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ವೆನೀರ್ ಮೇಲೆ ಪಾಲಿಥೀನ್, ಅದರ ಮೇಲೆ ತೆಳು ಫ್ಲೆಕ್ಸಿ ಪ್ಲೈ, ಅದರ ಸುತ್ತ ಉದ್ದುದ್ದ ಸೀಳಿದ ಟ್ಯೂಬನ್ನು ಜಗ್ಗಿ ಜಗ್ಗಿ ಸುತ್ತಿ. ಉಬ್ಬಿದ ಬಾಗಿನ ಮೇಲೆ ಸುತ್ತಿದ ರಬ್ಬರ್ ಎಲ್ಲ ಕಡೆಯೂ ಒಂದೇ ಸಮ ಒತ್ತುತ್ತದೆ.

ಪ್ರಶ್ನೆ: ಮೇಲ್ಭಾಗಕ್ಕೆ ಸೂರ್ಯಕಿರಣದಂತೆ ವೆನೀರ್ ಜೋಡಿಸಲು ಸಾಧ್ಯವೇ? ಸಾಮಾನ್ಯ ಬಡಗಿಗಳು ಮಾಡುತ್ತಾರೆಯೇ?
(ತುಮಕೂರಿನ ಓದುಗರು)

ಉತ್ತರ: ಸಾಧ್ಯ, ತಾಳ್ಮೆ ಇದ್ದವರು ಯಾರಾದರೂ ಮಾಡಬಹುದು. ಮೇಲಿನ ಮೇಜಿನಂಥ 2 ಅಡಿ ತ್ರಿಜ್ಯದ ಅರ್ಧವೃತ್ತವನ್ನೇ ತೆಗೆದುಕೊಂಡರೆ, 15 ಡಿಗ್ರಿಯ ಹನ್ನೆರಡು ತುಂಡುಗಳು ಬೇಕು. ಹೊರ ಅಂಚಿನಲ್ಲಿ ಒಂದೊಂದೂ ಆರೂಕಾಲು ಇಂಚಿಗಿಂತ ತುಸು ಹೆಚ್ಚು ಅಗಲವಿರುತ್ತದೆ. ಹಾಳೆಗಳು ಒಂದೇ ದಿಮ್ಮಿಯಿಂದ ಒಂದರ ಹಿಂದೊಂದು ಸೀಳಿದವಾಗಿರಬೇಕು. ಅಂಗಡಿಯಲ್ಲಿ ಕಟ್ಟು ಬಿಚ್ಚುವಾಗ ನೀವೇ ನಿಂತು ಹಾಳೆಗಳಿಗೆ ಸೀಮೆಸುಣ್ಣದಲ್ಲಿ 1, 2, 3 ಎಂದು ಬರೆದುಕೊಳ್ಳಿ. ಒಂದು ಬಿಟ್ಟು ಒಂದನ್ನು ಮಗುಚಿ ಇಟ್ಟರೆ ಪಕ್ಕಪಕ್ಕದ ತುಂಡುಗಳು ಕನ್ನಡಿ ಹಿಡಿದಂತೆ ಕೂಡುತ್ತವೆ.

ಕಷ್ಟವಿರುವುದು ಹನ್ನೆರಡು ಮೊನೆಗಳು ಒಂದೇ ಬಿಂದುವಿನಲ್ಲಿ ಸೇರುವ ಕಡೆ. ಎಂಥ ಕೈಯಾದರೂ ಅಲ್ಲಿ ಕೂದಲೆಳೆಯಷ್ಟು ತಪ್ಪುತ್ತದೆ. ಅದಕ್ಕೇ ಹಿಂದಿನವರು ಅಲ್ಲಿ ಬೇರೆ ಬಣ್ಣದ ಮರದ ಪುಟ್ಟ ಅರ್ಧಚಂದ್ರವನ್ನು ಕೂರಿಸುತ್ತಿದ್ದರು. ಆ ಚಿಕ್ಕ ತುಂಡಿಗೆ ಮೈಸೂರಿನ ಇನ್ಲೇ ಕೆಲಸ (ಮರದೊಳಗೆ ಬೇರೆ ಬಣ್ಣದ ತುಂಡು ಕೂರಿಸಿ ಚಿತ್ರ ಮೂಡಿಸುವುದು) ಮಾಡಿಸಿ ಎಂದು ಒತ್ತಾಯಿಸುತ್ತೇನೆ. ಮೈಸೂರು ಅರಮನೆಯಲ್ಲಿ ದಂತ ಕೂರಿಸಿದ ಬೀಟೆ ಬಾಗಿಲುಗಳನ್ನು ನೋಡಿದವರಿಗೆ ಆ ಕೈಚಳಕ ಏನೆಂದು ಗೊತ್ತು. ಈಗ ದಂತವಿಲ್ಲ, ಇರಲೂಬಾರದು. ಹಲಸಿನ ಹಳದಿಯಂಥ ಮರದ ಸಹಜ ಬಣ್ಣಗಳಲ್ಲೇ ಚಿತ್ರ ಮೂಡಿಸುವ ಕುಶಲಿಗಳು ಮಂಡಿ ಮೊಹಲ್ಲಾದಲ್ಲಿ ಇದ್ದಾರೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲೆ ಇದು, ಆದರೆ ಅದು ಉಳಿಯುವುದು ನಮ್ಮ ಮನೆಯ ಮೇಜಿಗೆ ಬಂದರೆ ಮಾತ್ರ.

ಇನ್ನೊಂದು ಮಾತು: ಮೇಲೆ ಎಷ್ಟೇ ಚೆಂದದ ವೆನೀರ್ ಹಚ್ಚಿದರೂ ಹಲಗೆಯ ಅಡಿಮೈಗೆ ಒಂದು ಸಾದಾ ವೆನೀರ್ ಹಚ್ಚಲೇಬೇಕು. ಒಂದೇ ಕಡೆ ಹಚ್ಚಿದರೆ ಅಂಟು ಒಣಗುವಾಗ ಆ ಕಡೆ ಮಾತ್ರ ಎಳೆದು ಹಲಗೆ ದೋಣಿಯಾಗುತ್ತದೆ. ಯಾರಿಗೂ ಕಾಣದ ಅಡಿಮೈಗೆ ಖರ್ಚು ಏಕೆ ಎಂದು ಯಜಮಾನರು ಕೇಳುತ್ತಾರೆ, ಕೇಳಲಿ. ಆ ಖರ್ಚನ್ನು ಬಿಡಬೇಡಿ.

ಪ್ರಶ್ನೆ: ಊಟದ ಮೇಜಿನ ವೆನೀರ್ ಮಳೆಗಾಲ ಮುಗಿಯುವಷ್ಟರಲ್ಲಿ ಅಲ್ಲಲ್ಲಿ ಗುಳ್ಳೆ ಎದ್ದಿದೆ. ಎಲ್ಲವನ್ನೂ ಕಿತ್ತು ಹೊಸದು ಹಚ್ಚಬೇಕೆ?
(ಮಂಗಳೂರಿನ ಓದುಗರು)

ಉತ್ತರ: ಕೀಳಬೇಡಿ. ಮೊದಲು ಬೆರಳಿನ ಉಗುರಿನಿಂದ ಮೇಜನ್ನೆಲ್ಲ ತಟ್ಟುತ್ತ ಹೋಗಿ. ಅಂಟಿದ ಕಡೆ ಗಟ್ಟಿ ಸದ್ದು, ಬಿಟ್ಟ ಕಡೆ ಟೊಳ್ಳು ಸದ್ದು. ಟೊಳ್ಳಾದ ಜಾಗಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಕಣ್ಣಿಗೆ ಕಂಡ ಗುಳ್ಳೆಗಳಿಗಿಂತ ಹೆಚ್ಚು ಸಿಗುತ್ತವೆ. ಬಿಳಿ ಅಂಟಿನಲ್ಲಿ ಹಚ್ಚಿದ್ದರೆ ದಪ್ಪ ಹತ್ತಿಬಟ್ಟೆ ಹಾಸಿ ಹದವಾದ ಬಿಸಿಯ ಇಸ್ತ್ರಿಪೆಟ್ಟಿಗೆ ಆಡಿಸಿ, ಕೂಡಲೇ ಭಾರ ಹೇರಿ. ಆ ಅಂಟು ಬಿಸಿಗೆ ಮೆತ್ತಗಾಗಿ ಮತ್ತೆ ಹಿಡಿಯುತ್ತದೆ. ಹಿಡಿಯದಿದ್ದರೆ ಹೊಸ ಬ್ಲೇಡಿನಿಂದ ಮರದ ಎಳೆಯ ಗುಂಟವೇ ಸಣ್ಣದಾಗಿ ಸೀಳಿ. ಎಳೆಗೆ ಅಡ್ಡವಾಗಿ ಸೀಳಿದರೆ ಗಾಯ ಕೊನೆಯವರೆಗೂ ಕಾಣುತ್ತದೆ. ಔಷಧದ ಅಂಗಡಿಯಲ್ಲಿ ಸಿಗುವ ಸಿರಿಂಜಿನಲ್ಲಿ ಅಂಟು ತುಂಬಿಸಿ, ಹೆಚ್ಚಾದದ್ದನ್ನು ಒರಸಿ, ಪಾಲಿಥೀನ್ ಮೇಲೆ ಹಲಗೆ ಇಟ್ಟು ಒಂದು ಇಡೀ ದಿನ ಒತ್ತಿಡಿ. ಉಪ್ಪುಕಾಗದದಿಂದ ಉಜ್ಜುವಾಗ ಎಚ್ಚರ, ವೆನೀರ್ ತೂತಾಗಲು ಹೆಚ್ಚು ಹೊತ್ತು ಬೇಡ.

ಪ್ರಶ್ನೆ: ಅಜ್ಜನ ಕಾಲದ ಮುರಿದ ಬೀಟೆ ಮಂಚವಿದೆ. ಅದರ ಹಲಗೆಗಳಿಂದ ವೆನೀರ್ ತೆಗೆಸಿ ಒಂದು ದುಂಡು ಮೇಜು ಮಾಡಿ ವಿದೇಶದಲ್ಲಿರುವ ಮಗಳಿಗೆ ಕಳುಹಿಸಬಹುದೇ?
(ಸಾಗರದ ಓದುಗರು)

ಉತ್ತರ: ತೆಗೆಸಬಹುದು. ಕಾರ್ಖಾನೆಯಲ್ಲಿ ಮಾಡುವಂತೆ ಕತ್ತಿಯಿಂದ ಸೀಳಲು ಆಗದು, ಸಾ ಮಿಲ್ಲಿನ ಬ್ಯಾಂಡ್ ಗರಗಸದಲ್ಲಿ ಸುಮಾರು 2 ಮಿಲಿಮೀಟರಿನ ಹಾಳೆಗಳಾಗಿ ಕೊಯ್ಯಿಸಿ. ಸೀಳುವ ಮುನ್ನ ಹಳೆಯ ಮೊಳೆಗಳನ್ನು ಹುಡುಕಿ ಕೀಳಿಸಿ. ಒಂದೊಂದು ಕೊಯ್ತದಲ್ಲೂ ಸ್ವಲ್ಪ ಮರ ಪುಡಿಯಾಗಿ ಹೋಗುತ್ತದೆ, ಅದಕ್ಕೆ ಕೊರಗಬೇಡಿ. ದಪ್ಪ ಹಾಳೆಯಾದ್ದರಿಂದ ನಿಮ್ಮ ಮೊಮ್ಮಕ್ಕಳೂ ಅದನ್ನು ಹೆರೆದು ಪಾಲಿಶ್ ಮಾಡಿಸಬಹುದು. ಬೀಟೆ, ತೇಗ ಎರಡರಲ್ಲೂ ಎಣ್ಣೆಯ ಅಂಶ ಹೆಚ್ಚು. ಅಂಟು ಹಚ್ಚುವ ಮುಂಚೆ ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಆರಿದೊಡನೆ ಅಂಟಿಸಿ. ತಡಮಾಡಿದರೆ ಒಳಗಿನ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ.

ಕಳುಹಿಸುವ ವಿಚಾರ ಬೇರೆ. ಬೀಟೆ ಸೇರಿದಂತೆ ಆ ಜಾತಿಯ ಬಹುತೇಕ ಎಲ್ಲ ಮರಗಳೂ 2017ರ ಜನವರಿಯಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿವೆ. ಗಡಿ ದಾಟಿಸಲು ಕಾಗದಪತ್ರ ಬೇಕಾಗುತ್ತದೆ. ಮೇಜಿಗೆ ಕೈಹಾಕುವ ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ, ಮುರಿದ ಮಂಚದ ಫೋಟೋಗಳನ್ನು ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಮೇಜಿನ ಕಾಲುಗಳನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಬಹುದೇ?
(ಹುಬ್ಬಳ್ಳಿಯ ಯುವ ಬಡಗಿ)

ಉತ್ತರ: ಬಗ್ಗಿಸಬಹುದು. ಪೀಠೋಪಕರಣ ತಯಾರಕ ಮೈಕೆಲ್ ಥೋನೆಟ್ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿ ಹೀಗೆ ಹಬೆಯಲ್ಲಿ ಬಗ್ಗಿಸಿದ ಬೀಚ್ ಮರದ್ದೇ. ಬೆಂದ ಮರ ಕುಗ್ಗಲು ಒಪ್ಪುತ್ತದೆ, ಹಿಗ್ಗಲು ಒಪ್ಪುವುದಿಲ್ಲ. ಅದಕ್ಕೇ ಅವನು ಬಾಗಿನ ಹೊರಬದಿಗೆ ಕಬ್ಬಿಣದ ಪಟ್ಟಿ ಕಟ್ಟಿ ಬಗ್ಗಿಸುತ್ತಿದ್ದ. ಹಿಗ್ಗಲು ಪಟ್ಟಿ ಬಿಡದು, ಎಳೆ ಸೀಳದು. ಗೂಡಿನಲ್ಲಿ ಒಣಗಿಸಿದ ಮರಕ್ಕಿಂತ ನೆರಳಲ್ಲಿ ಗಾಳಿಗೆ ಒಣಗಿದ ಮರ ಚೆನ್ನಾಗಿ ಬಗ್ಗುತ್ತದೆ.

ನಿನ್ನಂಥ ಹುಡುಗರಿಗೆ ನಾನು ಹೇಳುವುದು ಫಿನ್ಲೆಂಡಿನ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ 1930ರ ದಶಕದಲ್ಲಿ ಮಾಡಿದ ಕಾಲನ್ನು ಕಲಿ ಎಂದು. ಗಟ್ಟಿ ಬರ್ಚ್ ಮರದ ಕಾಲು. ಅದರ ತುದಿಯಲ್ಲಿ ಮಾತ್ರ ಎಳೆಯ ಗುಂಟ ಗರಗಸದಿಂದ ಸೀಳುಗಳು. ಪ್ರತಿ ಸೀಳಿಗೂ ಅಂಟು ಹಚ್ಚಿದ ತೆಳು ವೆನೀರ್ ತೂರಿಸಿ ಬಗ್ಗಿಸಿದರೆ ತುದಿ ಮೊಣಕಾಲಿನ ಹಾಗೆ ಮಡಚಿ ಅಲ್ಲೇ ನಿಲ್ಲುತ್ತದೆ. ಕೆಳಗೆ ಗಟ್ಟಿ ಮರ, ಬಾಗಿನಲ್ಲಿ ಮಾತ್ರ ಪದರ. ಮೇಜಿನ ಹಲಗೆಗೆ ಸ್ಕ್ರೂ ಹಾಕಿದರೆ ಆಯಿತು. ಮೊದಲು ಒಂದು ಇಂಚು ಚೌಕದ ಸಿಲ್ವರ್ ಓಕ್ ತುಂಡಿನಲ್ಲಿ ಮಾಡಿ ನೋಡು. ಸೀಳುಗಳು ಮುಗಿಯುವ ಕಡೆ ಒಂದು ಕ್ಲಾಂಪ್ ಅಡ್ಡಲಾಗಿ ಬಿಗಿದಿರಲಿ, ಬಗ್ಗಿಸುವಾಗ ಸೀಳು ಮುಂದಕ್ಕೆ ಓಡುವುದು ಅಲ್ಲಿಂದಲೇ.