ಫಿಸಿಕ್ಸ್‌ನಲ್ಲಿ ಪಿಎಚ್‌ಡಿ ಸಿಗಬೇಕಾದರೆ ಏನೇನು ಮುಗಿಸಬೇಕು?

ಕೋರ್ಸು, ಪರೀಕ್ಷೆ ಮುಗಿಸಿದರೆ ಸಾಕೇ, ಇಲ್ಲ ಹೊಸದೇನಾದರೂ ಕಂಡುಹಿಡಿಯಲೇಬೇಕೇ ಎಂದು ಕೇಳಿದ್ದೀರಿ. ಕಂಡುಹಿಡಿಯಲೇಬೇಕು. ಕೋರ್ಸು, ಪರೀಕ್ಷೆಗಳಿಂದ ಸಿಗುವುದು ಸಂಶೋಧನೆಗೆ ಅನುಮತಿ ಮಾತ್ರ; ಪದವಿ ಕೊಡುವುದು ಥೀಸಿಸ್‌ಗೆ, ಅಂದರೆ ಸಂಶೋಧನಾ ಪ್ರಬಂಧಕ್ಕೆ. ಅದರಲ್ಲಿ ಈವರೆಗೆ ಯಾರೂ ಮಾಡಿರದ, ನಿಮ್ಮದೇ ಆದ ಒಂದು ಫಲಿತಾಂಶ ಇರಬೇಕು. ಚಿಕ್ಕದಾದರೂ ನಡೆಯುತ್ತದೆ, ಆದರೆ ನಾಲ್ಕು ಜನ ಕೆದಕಿ ಕೇಳಿದಾಗ ಅಲುಗಾಡಬಾರದು. ಫ್ರೆಂಚ್ ಭೌತವಿಜ್ಞಾನಿ ಲೂಯಿ ಡಿ ಬ್ರಾಗ್ಲಿ 1924ರ ಥೀಸಿಸ್‌ನಲ್ಲೇ ದ್ರವ್ಯಕ್ಕೂ ತರಂಗಗುಣ ಇದೆ ಎಂದು ಹೇಳಿ 1929ರಲ್ಲಿ ನೊಬೆಲ್ ಪಡೆದರು. ಅಂಥದ್ದನ್ನು ನಿಮ್ಮಿಂದ ಯಾರೂ ನಿರೀಕ್ಷಿಸುವುದಿಲ್ಲ.

ಅಮೆರಿಕದಲ್ಲಿ ಸಾಮಾನ್ಯವಾಗಿ ಸ್ನಾತಕ ಪದವಿ ಮುಗಿದ ಕೂಡಲೇ ಸೇರಬಹುದು. ಮೊದಲ 1–2 ವರ್ಷ ಕೋರ್ಸುಗಳಿಗೇ ಹೋಗುತ್ತದೆ, ಒಟ್ಟು 5–6 ವರ್ಷ ಬೇಕಾಗುತ್ತದೆ. ಯುರೋಪಿನ ಬಹುಪಾಲು ಕಡೆ ಸ್ನಾತಕೋತ್ತರ ಪದವಿ ಮೊದಲೇ ಇರಬೇಕು. ಕೋರ್ಸು ಕಡಿಮೆ, ಅವಧಿ 3–4 ವರ್ಷ. ಎಲ್ಲಿ ಸೇರಿದರೂ ಕ್ಲಾಸಿಕಲ್ ಮೆಕ್ಯಾನಿಕ್ಸ್, ಎಲೆಕ್ಟ್ರೋಡೈನಾಮಿಕ್ಸ್, ಕ್ವಾಂಟಮ್ ಮೆಕ್ಯಾನಿಕ್ಸ್, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಈ ನಾಲ್ಕು ಕೈವಶವಾಗಿರಬೇಕು.

ಕೋರ್ಸುಗಳಿರುವ ಕಡೆ ಸಂಶೋಧನೆಗೆ ಅರ್ಹರೇ ಎಂದು ನೋಡುವ ಕ್ವಾಲಿಫೈಯಿಂಗ್ ಪರೀಕ್ಷೆ ಇರುವುದು ವಾಡಿಕೆ, ಹೆಚ್ಚಾಗಿ ಎರಡೇ ಅವಕಾಶ. ಇಲ್ಲಿ ಎಡವುವವರು ಕಷ್ಟದ ಲೆಕ್ಕದಲ್ಲಿ ಎಡವುವುದಕ್ಕಿಂತ ಸುಲಭದ್ದರಲ್ಲೇ ಹೆಚ್ಚು ಎಡವುತ್ತಾರೆ. ಉದ್ದುದ್ದದ ಡಿರೈವೇಶನ್ ಬಾಯಿಪಾಠವಾಗಿರುತ್ತದೆ, ಇಳಿಜಾರಿನಲ್ಲಿ ಉರುಳುವ ಸಿಲಿಂಡರಿನ ವೇಗೋತ್ಕರ್ಷ ಕೇಳಿದರೆ ಪೆನ್ನು ನಿಲ್ಲುತ್ತದೆ. ಪದವಿ ಮಟ್ಟದ ಲೆಕ್ಕಗಳನ್ನು ಪುಸ್ತಕ ಮುಚ್ಚಿ, ಗಡಿಯಾರ ಇಟ್ಟುಕೊಂಡು ಬಿಡಿಸಿ. ಹಳೆಯ ಪ್ರಶ್ನೆಪತ್ರಿಕೆಗಳಿಗಿಂತ ಒಳ್ಳೆಯ ಸಾಮಗ್ರಿ ಇಲ್ಲ.

ಮುಂದಿನದು ಸಂಶೋಧನಾ ಪ್ರಸ್ತಾವ. ಮಾರ್ಗದರ್ಶಕರ ಜೊತೆಗೆ ಇನ್ನೂ ಕೆಲವರು ಸೇರಿದ ಸಮಿತಿಯ ಮುಂದೆ ಮಂಡಿಸಬೇಕು. ಈವರೆಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ, ನೀವು ಏನನ್ನು ಅಳೆಯುತ್ತೀರಿ ಅಥವಾ ಲೆಕ್ಕ ಹಾಕುತ್ತೀರಿ ಎಂಬುದನ್ನು ಎಲ್ಲರೂ ಬರೆಯುತ್ತಾರೆ. ಅದು ಕೈಕೊಟ್ಟರೆ ಮುಂದೇನು ಎಂಬುದನ್ನು ಬಿಟ್ಟುಬಿಡುತ್ತಾರೆ, ಸಮಿತಿ ಅದನ್ನೇ ಕೇಳುತ್ತದೆ. ನಿಜವಾಗಿ ಕಾಲ ಪೋಲಾಗುವುದು ಇದರ ನಂತರ. ಪರೀಕ್ಷೆಗಾದರೆ ತಾರೀಖು ಇರುತ್ತದೆ, ಸಂಶೋಧನೆಗೆ ಇರುವುದಿಲ್ಲ.

ಪ್ರಯೋಗ ಮಾಡುವವರು ಒಂದು ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಯಾದೃಚ್ಛಿಕ ದೋಷ (ಪ್ರತಿ ಅಳತೆಯಲ್ಲೂ ಅತ್ತಿತ್ತ ಆಗುವ ಏರುಪೇರು) ಅಳತೆಗಳ ಸಂಖ್ಯೆಯ ವರ್ಗಮೂಲದಂತೆ ಇಳಿಯುತ್ತದೆ: ದೋಷ ಅರ್ಧವಾಗಬೇಕಾದರೆ 4 ಪಟ್ಟು ಡೇಟಾ, ಹತ್ತರಲ್ಲೊಂದಾಗಬೇಕಾದರೆ 100 ಪಟ್ಟು. ಸಿಸ್ಟಮ್ಯಾಟಿಕ್ ದೋಷವಂತೂ ಎಷ್ಟು ಡೇಟಾ ಸುರಿದರೂ ಜಗ್ಗುವುದಿಲ್ಲ. ಥರ್ಮಾಮೀಟರೇ 0.5 ಡಿಗ್ರಿ ತಪ್ಪು ತೋರಿಸುತ್ತಿದ್ದರೆ ಸಾವಿರ ಸಲದ ಸರಾಸರಿಯೂ ಅಷ್ಟೇ ತಪ್ಪು. ಆದ್ದರಿಂದ ಕ್ಯಾಲಿಬ್ರೇಶನ್ (ಉಪಕರಣವನ್ನು ಸರಿಯಾದ ಅಳತೆಗೆ ಹೋಲಿಸಿ ನೋಡುವುದು) ದಾಖಲೆಯನ್ನು ಮೊದಲ ದಿನದಿಂದಲೇ ತಾರೀಖು ಹಾಕಿ ಇಟ್ಟುಕೊಳ್ಳಿ. ಮೂರು ವರ್ಷದ ನಂತರ ನೆನಪಿನಿಂದ ಬರೆಯಲು ಆಗುವುದಿಲ್ಲ.

ಕಂಪ್ಯೂಟರ್ ಸಿಮ್ಯುಲೇಶನ್ ಆದರೆ ಗ್ರಿಡ್ಡಿನ, ಅಂದರೆ ಲೆಕ್ಕ ಹಾಕುವ ಬಿಂದುಗಳ ಜಾಲದ, ಅಂತರವನ್ನು ಅರ್ಧ ಮಾಡಿ ನೋಡಿ. ಎರಡನೇ ದರ್ಜೆಯ (ದೋಷ ಅಂತರದ ವರ್ಗಕ್ಕೆ ಅನುಗುಣವಾಗಿರುವ) ವಿಧಾನದಲ್ಲಿ ದೋಷ ಸುಮಾರು ನಾಲ್ಕರಲ್ಲೊಂದಕ್ಕೆ ಇಳಿಯಬೇಕು. ಇಳಿಯದಿದ್ದರೆ ಒಂದೋ ಗ್ರಿಡ್ಡು ಇನ್ನೂ ಒರಟು, ಇಲ್ಲವೇ ಕೋಡಿನಲ್ಲಿ ತಪ್ಪಿದೆ. ಥಿಯರಿಯವರಿಗೆ ತಪ್ಪು ಹಿಡಿಯುವ ಇದೇ ಕೆಲಸವನ್ನು ಮಿತಿಗಳು, ಅಂದರೆ ಉತ್ತರ ಮೊದಲೇ ಗೊತ್ತಿರುವ ಸಂದರ್ಭಗಳು, ಮಾಡಿಕೊಡುತ್ತವೆ: ವೇಗ ಬೆಳಕಿನದಕ್ಕಿಂತ ತುಂಬಾ ಕಡಿಮೆಯಾದಾಗ ನಿಮ್ಮ ಸೂತ್ರ ನ್ಯೂಟನ್ನನ ಸೂತ್ರಕ್ಕೆ ಇಳಿಯದಿದ್ದರೆ ಮುಂದಿನ ಪುಟ ಬರೆಯುವುದು ವ್ಯರ್ಥ.

ಪೇಪರ್ ಪ್ರಕಟವಾಗಿರಲೇಬೇಕೇ? ಕೆಲವು ವಿಶ್ವವಿದ್ಯಾಲಯಗಳ ನಿಯಮದಲ್ಲಿದೆ, ಕೆಲವದರಲ್ಲಿ ಇಲ್ಲ. ಸೇರುವ ಮೊದಲೇ ನಿಯಮಾವಳಿ ಓದಿ. ನಿಯಮ ಇಲ್ಲದಿದ್ದರೂ ಒಂದೆರಡಾದರೂ ಇರಲಿ ಎನ್ನುತ್ತೇನೆ. ಹೊರಗಿನ ವಿಮರ್ಶಕರು ಈಗಾಗಲೇ ಜಾಲಾಡಿದ ಅಧ್ಯಾಯವನ್ನು ವೈವಾದಲ್ಲಿ (ಥೀಸಿಸ್ ಮೇಲಿನ ಮೌಖಿಕ ಪರೀಕ್ಷೆಯಲ್ಲಿ) ಸಮರ್ಥಿಸುವುದು ಸಲೀಸು. ನೂರಾರು ಲೇಖಕರಿರುವ ಕಣಭೌತಶಾಸ್ತ್ರದ ಪ್ರಯೋಗದಲ್ಲಿದ್ದರೆ, ಅದರಲ್ಲಿ ನೀವು ಮಾಡಿದ್ದು ಯಾವುದು ಎಂದು ಥೀಸಿಸ್‌ನಲ್ಲಿ ಬಿಡಿಸಿ ಹೇಳಬೇಕು.

ಬರವಣಿಗೆಗೆ ಆರು ತಿಂಗಳಾದರೂ ಮೀಸಲಿಡಿ. ಪೀಠಿಕೆಯಿಂದ ಶುರುಮಾಡಿದರೆ ಅಲ್ಲೇ ಕೂರುತ್ತೀರಿ. ಮೊದಲು ಗ್ರಾಫ್‌ಗಳನ್ನು ಸಿದ್ಧಮಾಡಿ, ಅವುಗಳ ಸುತ್ತ ಫಲಿತಾಂಶದ ಅಧ್ಯಾಯ ಬರೆಯಿರಿ, ಪೀಠಿಕೆ ಕೊನೆಗೆ.

ವೈವಾದಲ್ಲಿ ಭಯಪಡುವ ಪ್ರಶ್ನೆಗಳು ಬರುವುದೇ ಕಡಿಮೆ. ಎರರ್ ಬಾರ್ (ಗ್ರಾಫ್‌ನಲ್ಲಿ ಅನಿಶ್ಚಿತತೆ ತೋರಿಸುವ ಗೆರೆ) ಎಲ್ಲಿಂದ ಬಂತು, ಈ ಅಂದಾಜು ಯಾವಾಗ ಮುರಿದುಬೀಳುತ್ತದೆ, ಅಕ್ಷದ ಮೇಲಿನ ಏಕಮಾನ ಏನು, ಇಂಥವೇ ಹೆಚ್ಚು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ, ಹೇಗೆ ಕಂಡುಕೊಳ್ಳಬಹುದು ಎಂದು ಸೇರಿಸಿದರೆ ಅಂಕವೇನೂ ಕಳೆಯುವುದಿಲ್ಲ. ಬಹಳಷ್ಟು ಮಂದಿಗೆ ಸಣ್ಣಪುಟ್ಟ ತಿದ್ದುಪಡಿಯ ಷರತ್ತಿನೊಂದಿಗೆ ಪಾಸು ಸಿಗುತ್ತದೆ. ಆ ತಿದ್ದುಪಡಿ ಮುಗಿಸಿ ಅಂತಿಮ ಪ್ರತಿ ಸಲ್ಲಿಸುವವರೆಗೆ ಪದವಿ ಬರುವುದಿಲ್ಲ. ಹೊಸ ಕೆಲಸಕ್ಕೆ ಸೇರಿದ ಮೇಲೆ ಮಾಡಿದರಾಯಿತು ಎಂದುಕೊಂಡು ತಿಂಗಳುಗಟ್ಟಲೆ ಎಳೆದವರು ಕಡಿಮೆ ಇಲ್ಲ. ಊರು ಬಿಡುವ ಮೊದಲೇ ಸಲ್ಲಿಸಿಬಿಡಿ.