ಎಲ್ಲವನ್ನೂ ಮೆನೋಪಾಸ್ ತಲೆಗೆ ಕಟ್ಟಬೇಡಿ

ನಿಮಗೆ 47. ರಾತ್ರಿ ಬೆವರು, ನಿದ್ದೆ ಇಲ್ಲ, ಮುಟ್ಟು ಹೇಳದೆ ಕೇಳದೆ ಬರುತ್ತಿದೆ. ಇನ್ನೆಷ್ಟು ತಿಂಗಳು ಸಹಿಸಿಕೊಂಡರೆ ಮುಗಿಯುತ್ತೆ ಅಂತ ಕೇಳಿದ್ದೀರಿ. ನಿಮ್ಮ ವಯಸ್ಸಿನಲ್ಲಿ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ.

ನನಗೆ ಶುರುವಾಗಿದ್ದು 46ಕ್ಕೆ. ಎದೆಯಿಂದ ಮುಖಕ್ಕೆ ಒಮ್ಮೆಲೇ ಬಿಸಿ ಏರುತ್ತಿತ್ತು, ಬಟ್ಟೆ ಒದ್ದೆ, ಆಮೇಲೆ ಚಳಿ. ಸಣ್ಣ ಮಾತಿಗೂ ಅಳು. ಇದು ಮುಟ್ಟು ನಿಲ್ಲುವ ಕಾಲ ಅಂದುಕೊಂಡೆ. ಅದು ನಿಜವೇ ಆಗಿತ್ತು. ಆದರೆ ಅಲ್ಲಿಂದ ಮುಂದೆ ಮೈಯಲ್ಲಿ ಏನೇ ಆದರೂ ಅದರ ತಲೆಗೇ ಕಟ್ಟಿದೆ. ನಾನು ಎಡವಿದ್ದು ಅಲ್ಲೇ.

ರಕ್ತ ಜಾಸ್ತಿ ಹೋಗತೊಡಗಿತು. ಗಂಟೆಗೊಂದು ಪ್ಯಾಡ್, ಗಡ್ಡೆಗಡ್ಡೆಯಾಗಿ, ಹತ್ತು ಹನ್ನೆರಡು ದಿನ. ಅಕ್ಕನಿಗೆ ಹೇಳಿದರೆ "ನಿಲ್ಲೋ ಮುಂಚೆ ಎಲ್ಲರಿಗೂ ಹೀಗೇ ಕಣೆ" ಅಂದಳು. ಅವಳಿಗೂ ಯಾರೋ ಹಾಗೇ ಹೇಳಿದ್ದರು ಪಾಪ. ಮೆಟ್ಟಿಲು ಹತ್ತಿದರೆ ಏದುಸಿರು, ವಯಸ್ಸಾಯ್ತು ಅಂದುಕೊಂಡೆ. ಎದೆ ಡವಡವ, ಹಾರ್ಮೋನ್ ಅಂದುಕೊಂಡೆ. ಕೂದಲು ಉದುರಿತು, ಅದೂ ಹಾರ್ಮೋನೇ. ಹೀಗೆ ಒಂಬತ್ತು ತಿಂಗಳು ಕಳೆದೆ. ಒಂದು ಬೆಳಿಗ್ಗೆ ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದೆ.

ಹಿಮೋಗ್ಲೋಬಿನ್ 6.4 ಇತ್ತು. ನಮಗೆ 12 ಆದರೂ ಇರಬೇಕು. ರಕ್ತ ಹಾಕಿದರು. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ಒಳಪದರ ದಪ್ಪಗಾಗಿತ್ತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ನಾನು ಊಟ ಮಾಡಿದ ನೆನಪೇ ಇಲ್ಲ. ಕ್ಯಾನ್ಸರ್ ಅಲ್ಲ ಅಂದರು.

ಡಾಕ್ಟರ್ ಬಿಡಿಸಿ ಹೇಳಿದ ಮೇಲೆ ಅರ್ಥವಾಯಿತು. ಈ ಕಾಲದಲ್ಲಿ ಪ್ರತಿ ತಿಂಗಳೂ ಅಂಡಾಣು ಬಿಡುಗಡೆ ಆಗುವುದಿಲ್ಲ. ಆಗದ ತಿಂಗಳು ಆ ಒಳಪದರವನ್ನು ಹದ್ದುಬಸ್ತಿನಲ್ಲಿಡುವ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನ್ ಇರುವುದಿಲ್ಲ. ಇನ್ನೊಂದು ಹಾರ್ಮೋನ್ ಈಸ್ಟ್ರೊಜೆನ್ ತಾನೊಂದೇ ಪದರವನ್ನು ಬೆಳೆಸುತ್ತಾ ಹೋಗುತ್ತದೆ, ಹಾಗೇ ಬಿಟ್ಟರೆ ಕೆಲವರಲ್ಲಿ ಕ್ಯಾನ್ಸರಿಗೂ ತಿರುಗಬಹುದು. ನನಗೆ ಪ್ರೊಜೆಸ್ಟರಾನ್‌ನಂಥ ಹಾರ್ಮೋನ್ ಬಿಡುವ ಕಾಪರ್-ಟಿ ತರಹದ್ದೊಂದನ್ನು ಒಳಗೆ ಹಾಕಿದರು. ಪದರ ಸರಿಯಾದ ಮೇಲೆ, ಬಿಸಿ ಏರುವುದು ಕಮ್ಮಿಯಾಗಲಿ ಅಂತ ಚರ್ಮಕ್ಕೆ ಅಂಟಿಸುವ ಈಸ್ಟ್ರೊಜೆನ್ ಪ್ಯಾಚ್ ಕೊಟ್ಟರು. ಒಂದೆರಡು ತಿಂಗಳಲ್ಲಿ ರಾತ್ರಿಯಿಡೀ ಮಲಗಿದೆ.

ಅದಕ್ಕೇ ಹೇಳುತ್ತೇನೆ, "ಎಷ್ಟು ತಿಂಗಳು" ಅನ್ನುವ ಪ್ರಶ್ನೆ ಬಿಟ್ಟುಬಿಡಿ. ಈ ಏರುಪೇರು ವರ್ಷಗಟ್ಟಲೆ ಇರಬಹುದು. 12 ತಿಂಗಳು ಪೂರ್ತಿ ಮುಟ್ಟಾಗದಿದ್ದರೆ ಮಾತ್ರ ನಿಂತಿತು ಅಂತ ಲೆಕ್ಕ, ಬೆವರು ಆಮೇಲೂ ಉಳಿಯಬಹುದು. ಅಷ್ಟು ಕಾಲ ಹಲ್ಲು ಕಚ್ಚಿಕೊಂಡು ಇರುವುದು ಯಾಕೆ? ಹಿಮೋಗ್ಲೋಬಿನ್, ಥೈರಾಯ್ಡ್ ನೋಡಿಸಿ. ಥೈರಾಯ್ಡ್ ಜಾಸ್ತಿಯಾದರೂ ಹೀಗೇ ಬೆವರು, ಎದೆಬಡಿತ.

ಹಾರ್ಮೋನ್ ಚಿಕಿತ್ಸೆ ಅಂದರೆ ಸ್ತನ ಕ್ಯಾನ್ಸರ್, ಹೃದಯದ ಕಾಯಿಲೆ ಅಂತ ಎಲ್ಲರೂ ಹೆದರಿಸುತ್ತಾರೆ. ಆ ಹೆದರಿಕೆ ದೊಡ್ಡದಾಗಿದ್ದು 2002ರ ಅಮೆರಿಕದ ಅಧ್ಯಯನದಿಂದ. ಅದರಲ್ಲಿದ್ದವರ ಸರಾಸರಿ ವಯಸ್ಸು 63! ನಿಮ್ಮ ವಯಸ್ಸಿನ, ಬೇರೆ ಕಾಯಿಲೆ ಇಲ್ಲದವರಿಗೆ ಸಾಮಾನ್ಯವಾಗಿ ಲಾಭವೇ ಜಾಸ್ತಿ. ಸ್ತನ ಕ್ಯಾನ್ಸರ್ ಆಗಿದ್ದರೆ, ಕಾಲಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಹಾರ್ಮೋನ್ ಇಲ್ಲದ ಮಾತ್ರೆಗಳೂ ಇವೆ. ಇನ್ನೊಂದು, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಿ.

ಬೆವರು, ನಿದ್ದೆ ಬಗ್ಗೆ ಇಷ್ಟೆಲ್ಲ ಬರೆದಿದ್ದೀರಿ. ರಕ್ತ ಎಷ್ಟು ಹೋಗುತ್ತಿದೆ ಅಂತ ಮಾತ್ರ ಬರೆದಿಲ್ಲ. ದಿನಕ್ಕೆ ಎಷ್ಟು ಪ್ಯಾಡ್?