ಕುರಿಯ ಕೊಬ್ಬಿನ ಮುಲಾಮು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಒಡೆದ ಹಿಮ್ಮಡಿಯ ಬಗ್ಗೆ ಬರೆಯುವಾಗ, ಕುರಿಯ ಕೊಬ್ಬಿನಿಂದ ಮನೆಯಲ್ಲೇ ಮುಲಾಮು ಮಾಡಿಕೊಳ್ಳುವವರೂ ಇದ್ದಾರೆ ಎಂದು ಒಂದು ಸಾಲು ಸೇರಿಸಿದ್ದೆ. ಹಿಮ್ಮಡಿಯನ್ನು ಎಲ್ಲರೂ ಮರೆತರು, ಕೊಬ್ಬನ್ನು ಮಾತ್ರ ಹಿಡಿದುಕೊಂಡರು. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರದೇ ಆದ್ದರಿಂದ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಸಸ್ಯಾಹಾರಿ ಓದುಗರು ಮುನಿಸಿಕೊಳ್ಳಬಾರದು. ನಿಮ್ಮ ಪಾಲಿಗೆ ತುಪ್ಪದ ಪ್ರಶ್ನೆಯೊಂದಿದೆ.

ಮೇಡಂ, ನಮ್ಮದು ಶಿರಾ ತಾಲ್ಲೂಕಿನ ಹಳ್ಳಿ, ಮನೆಯಲ್ಲಿ ಕುರಿ ಸಾಕಿದ್ದೇವೆ. ಹಬ್ಬಕ್ಕೆ ಕುರಿ ಕಡಿದಾಗ ಕೊಬ್ಬು ಬಹಳ ಉಳಿಯುತ್ತದೆ. ವಿದೇಶದವರು ದನದ ಕೊಬ್ಬಿನಿಂದ ಮುಖಕ್ಕೆ ಹಚ್ಚುವ ಮುಲಾಮು ಮಾಡುವುದನ್ನು ಮೊಬೈಲ್‌ನಲ್ಲಿ ನೋಡಿದೆ. ಕುರಿಯ ಕೊಬ್ಬಿನಲ್ಲಿ ಆಗುತ್ತದೆಯೇ? — ಒಬ್ಬ ಗೃಹಿಣಿ, ಶಿರಾ

ಆಗುತ್ತದೆ ತಾಯಿ. ಆದರೆ ಉಳಿದ ಕೊಬ್ಬನ್ನೆಲ್ಲ ಒಟ್ಟಿಗೆ ಬಾಣಲೆಗೆ ಸುರಿಯಬೇಡಿ. ಮಾಂಸಕ್ಕೆ ಅಂಟಿದ ಕೊಬ್ಬು ಅಡುಗೆಗೆ ಇರಲಿ. ಮುಲಾಮಿಗೆ ಬೇಕಾದದ್ದು ಮೂತ್ರಪಿಂಡದ ಸುತ್ತ ಗಟ್ಟಿಯಾಗಿ, ಬೆಳ್ಳಗೆ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಕೊಬ್ಬು. ಪೇಟೆಯಲ್ಲಿ ಮಟನ್ ಅಂಗಡಿಯವರಿಗೆ ‘ಗುರ್ದೆಯ ಸುತ್ತಲಿನ ಚರಬಿ’ ಎಂದರೆ ಸಾಕು, ತೆಗೆದುಕೊಡುತ್ತಾರೆ.

ರಕ್ತದ ಕಲೆ, ಮಾಂಸದ ಚೂರು, ಮೇಲಿನ ತೆಳು ಪೊರೆ ಎಲ್ಲವನ್ನೂ ಬಿಡಿಸಿ. ಈ ಕೆಲಸಕ್ಕೆ ಸೋಮಾರಿತನ ಮಾಡಿದರೆ ಆಮೇಲೆ ಎಷ್ಟು ಸೋಸಿದರೂ ವಾಸನೆ ಹೋಗುವುದಿಲ್ಲ. ಸಣ್ಣಗೆ ಹೆಚ್ಚಿ, ದಪ್ಪ ತಳದ ಪಾತ್ರೆಯಲ್ಲಿ ಮುಳುಗುವಷ್ಟು ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಸಣ್ಣ ಉರಿಯಲ್ಲಿ ಇಡಿ. ಕುದಿಯಬಾರದು, ಮಿಡುಕುತ್ತಿರಬೇಕು. ಕೊಬ್ಬೆಲ್ಲ ಕರಗಿ ಚರಟ ಉಳಿದಾಗ ಹಳೆಯ ಪಂಚೆಯ ಬಟ್ಟೆಯಲ್ಲಿ ಸೋಸಿ ತಣಿಯಲು ಬಿಡಿ. ಬೆಳಗಾಗುವಷ್ಟರಲ್ಲಿ ಕೊಬ್ಬು ಮೇಲೆ ಬಿಲ್ಲೆಯಾಗಿ ಕಟ್ಟಿರುತ್ತದೆ, ಉಪ್ಪುನೀರು ಕೊಳೆಯನ್ನೆಲ್ಲ ಎಳೆದುಕೊಂಡು ಕೆಳಗೆ ನಿಂತಿರುತ್ತದೆ. ಬಿಲ್ಲೆಯನ್ನು ಎತ್ತಿ, ಅದರ ಅಡಿಗೆ ಅಂಟಿದ ಕಂದು ಲೋಳೆಯನ್ನು ಚಾಕುವಿನಿಂದ ಹೆರೆದು ಹಾಕಿ, ಹೊಸ ನೀರು, ಹೊಸ ಉಪ್ಪಿನಲ್ಲಿ ಮತ್ತೆ ಕರಗಿಸಿ. ನೀರು ತಿಳಿಯಾಗಿ ಉಳಿಯುವವರೆಗೆ ಇದೇ ಕೆಲಸ.

ಕಡೆಯ ಸಲ ನೀರು ಹಾಕದೆ ಬರಿಯ ಕೊಬ್ಬನ್ನು ಕರಗಿಸಿ, ಗುಳ್ಳೆ ಏಳುವುದು ಪೂರ್ತಿ ನಿಲ್ಲುವವರೆಗೆ ಸಣ್ಣ ಉರಿಯಲ್ಲಿಡಿ. ಗುಳ್ಳೆ ಎಂದರೆ ಒಳಗೆ ಇನ್ನೂ ನೀರಿದೆ ಎಂದರ್ಥ. ಇಡೀ ತಯಾರಿಕೆಯಲ್ಲಿ ನಾನು ಹಟ ಹಿಡಿಯುವುದು ಇದೊಂದಕ್ಕೆ: ನೀರಿಲ್ಲದ ಕೊಬ್ಬಿನಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯಲಾರವು, ಸಂರಕ್ಷಕ ರಾಸಾಯನಿಕ ಬೇಕಾಗುವುದಿಲ್ಲ. ಹನಿ ನೀರು ಉಳಿದರೂ ಈ ಅನುಕೂಲ ಕೈತಪ್ಪುತ್ತದೆ. ಬಾಟಲಿ ಒಣಗಿರಬೇಕು, ಅದ್ದುವ ಬೆರಳೂ ಒಣಗಿರಬೇಕು.

ಇಷ್ಟಾದರೂ ಇದು ಮುಲಾಮಲ್ಲ. ಕುರಿಯ ಕೊಬ್ಬು ಕರಗುವುದು ಸುಮಾರು 44ರಿಂದ 50 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮ ಚರ್ಮದ ಮೇಲ್ಮೈಯ ಬಿಸಿ 33ರ ಆಸುಪಾಸು. ಹಾಗಾಗಿ ಬರಿಯ ಕೊಬ್ಬನ್ನು ಉಜ್ಜಿದರೆ ಮೇಣದಬತ್ತಿ ಉಜ್ಜಿದಂತಾಗುತ್ತದೆ. ಮೂರು ಭಾಗ ಕೊಬ್ಬಿಗೆ ಒಂದು ಭಾಗ ಎಳ್ಳೆಣ್ಣೆ ಬೆರೆಸಿ. ಚಳಿಗಾಲದಲ್ಲಿ ಎಣ್ಣೆ ಇನ್ನಷ್ಟು ಹೆಚ್ಚಿಸಿ. ಎಳ್ಳೆಣ್ಣೆಯನ್ನೇ ಹೇಳುವುದೇಕೆಂದರೆ ಬೇಗ ಕಮಟಾಗದಂತೆ ತಡೆಯುವ ಅಂಶಗಳು ಅದರಲ್ಲಿ ಸಹಜವಾಗಿಯೇ ಇವೆ. ರಾಯಚೂರು, ಕಲಬುರಗಿ ಕಡೆಯವರು ಬೇಸಿಗೆಯಲ್ಲಿ ಎಣ್ಣೆ ಕಡಿಮೆ ಮಾಡಿ ಒಂದು ಚಮಚ ಜೇನುಮೇಣ ಸೇರಿಸಿಕೊಳ್ಳಲಿ. ಅದು ಕರಗಲು 60 ಡಿಗ್ರಿಗೂ ಹೆಚ್ಚು ಬಿಸಿ ಬೇಕು, ಮಧ್ಯಾಹ್ನದ ಬಿಸಿಲಿಗೂ ಮುಲಾಮು ನೀರಾಗುವುದಿಲ್ಲ.

ಬೆರೆಸಿದ ಮೇಲೆ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು, ನೀರು ಒಳಗೆ ಸಿಡಿಯದಂತೆ ನೋಡಿಕೊಂಡು, ಗಟ್ಟಿಯಾಗುವವರೆಗೂ ಕಡೆಯಿರಿ. ತಾನಾಗಿ ನಿಧಾನಕ್ಕೆ ತಣಿಯಲು ಬಿಟ್ಟರೆ ಗಟ್ಟಿ ಅಂಶ ಮೊದಲು ಹರಳುಗಟ್ಟಿ ಮುಲಾಮು ರವೆರವೆಯಾಗುತ್ತದೆ. ಕೆಟ್ಟದ್ದೇನಲ್ಲ, ಹಚ್ಚಿಕೊಳ್ಳಲು ಒರಟು ಅಷ್ಟೆ.

ಹಿಮ್ಮಡಿ, ಮೊಣಕೈ, ಒಕ್ಕಣೆಯಲ್ಲಿ ಸಿಡಿದ ಅಂಗೈಗೆ ಧಾರಾಳವಾಗಿ ಹಚ್ಚಿ. ಮೊಡವೆಯ ಮುಖಕ್ಕೆ ಬೇಡ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದು ಅವರ ಕಾಲು ಬಿರಿದಿದ್ದರೆ ಮುಲಾಮನ್ನು ಪಕ್ಕಕ್ಕಿಟ್ಟು ಮೊದಲು ವೈದ್ಯರಿಗೆ ತೋರಿಸಿ.

ಕುರಿಯ ಕೊಬ್ಬನ್ನು ಉಪ್ಪುನೀರಿನಲ್ಲಿ ಕರಗಿಸಿ ತೊಳೆದೇ ಮುಲಾಮು ಮಾಡಿದೆ, ಆದರೂ ಹೋತದ ವಾಸನೆ! ಲ್ಯಾವೆಂಡರ್ ಎಣ್ಣೆ ಎಷ್ಟು ಹಾಕಿದರೆ ಹೋದೀತು? — ಕಾಲೇಜು ವಿದ್ಯಾರ್ಥಿನಿ, ಮಂಡ್ಯ

ಎಷ್ಟು ಹಾಕಿದರೂ ಹೋಗುವುದಿಲ್ಲ, ಲ್ಯಾವೆಂಡರ್ ಪೂಸಿಕೊಂಡ ಹೋತವಾಗುತ್ತದೆ. ಆ ವಾಸನೆ ಕೊಳೆಯದಲ್ಲ. ಕುರಿ, ಮೇಕೆಯ ಕೊಬ್ಬಿನಲ್ಲಿ ಕವಲೊಡೆದ ಕೆಲವು ಕೊಬ್ಬಿನಾಮ್ಲಗಳಿವೆ. ಲೇಶಮಾತ್ರ ಇದ್ದರೂ ಮೂಗಿಗೆ ಬಡಿಯುತ್ತವೆ. ಬಲಿತ ಗಂಡು ಪ್ರಾಣಿಯಲ್ಲಿ ಹೆಚ್ಚು, ಎಳೆಯದರಲ್ಲಿ ಕಡಿಮೆ. ಮುಂದಿನ ಸಲ ಎಳೆಯ ಕುರಿಯದನ್ನು ಕೇಳಿ ತನ್ನಿ, ಉಪ್ಪುನೀರಿನಲ್ಲಿ ಇನ್ನೊಂದು ಸುತ್ತು ಹಾಕಿ, ಉರಿ ಇನ್ನೂ ತಗ್ಗಿಸಿ. ಸುಗಂಧ ತೈಲ ನೂರು ಗ್ರಾಂ ಮುಲಾಮಿಗೆ ಒಂದು ಗ್ರಾಂ ಮೀರಬಾರದು. ನಿಂಬೆಯ ಸಿಪ್ಪೆಯಿಂದ ಹಿಂಡಿದ ತೈಲವನ್ನಂತೂ ಹಗಲು ಹಚ್ಚುವ ಮುಲಾಮಿಗೆ ಹಾಕಲೇಬೇಡಿ, ಬಿಸಿಲು ಬಿದ್ದರೆ ಚರ್ಮ ಸುಟ್ಟಂತಾಗುತ್ತದೆ.

ನಮ್ಮ ಕಡೆ ಹಂದಿಯ ಕೊಬ್ಬು ಸುಲಭವಾಗಿ ಸಿಗುತ್ತದೆ. ಅದು ನಡೆಯುತ್ತದೆಯೇ? — ನಿವೃತ್ತ ಸೈನಿಕ, ವಿರಾಜಪೇಟೆ

ಚೆನ್ನಾಗಿಯೇ ನಡೆಯುತ್ತದೆ ಸರ್. ಕುರಿಯದಕ್ಕಿಂತ ಮೃದು, ವಾಸನೆಯೂ ಕಡಿಮೆ, ಎಣ್ಣೆ ಬೆರೆಸುವ ಗೊಡವೆಯೇ ಇಲ್ಲ. ಪ್ರಾಣಿಕೊಬ್ಬಿನ ಮುಲಾಮು ಎಂದರೆ ಹಳ್ಳಿಯ ನಾಟಿ ಪದ್ಧತಿ ಎಂದುಕೊಂಡವರು ಕೇಳಬೇಕು: ಹಿಂದೆ ಬ್ರಿಟನ್ನಿನ ಅಧಿಕೃತ ಔಷಧ ಗ್ರಂಥವಾದ ಬ್ರಿಟಿಷ್ ಫಾರ್ಮಕೊಪಿಯಾದ ಎಷ್ಟೋ ಮುಲಾಮುಗಳಿಗೆ ಹಂದಿಕೊಬ್ಬೇ ಆಧಾರವಾಗಿತ್ತು. ಅದು ಕಮಟಾಗದಿರಲೆಂದು ಲೋಬಾನ ಹಾಕಿ ಬಿಸಿ ಮಾಡುತ್ತಿದ್ದರು. ಫಾರ್ಮಸಿ ಕಾಲೇಜಿನಲ್ಲಿ ಮುಲಾಮು ತಯಾರಿಕೆಯ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದಾಗ ಇದನ್ನು ಹೇಳಿದರೆ ಹುಡುಗರು ಮೂಗು ಮುಚ್ಚಿಕೊಳ್ಳುತ್ತಿದ್ದರು. 1872ರಲ್ಲಿ ಅಮೆರಿಕದ ರಾಬರ್ಟ್ ಚೀಸ್‌ಬ್ರೊ ವ್ಯಾಸಲೀನ್‌ಗೆ ಪೇಟೆಂಟ್ ಪಡೆದ. ವ್ಯಾಸಲೀನ್ ಎಂದರೆ ಪೆಟ್ರೋಲಿಯಂ ಜೆಲ್ಲಿ, ಅದು ಕಮಟಾಗುವುದಿಲ್ಲ. ಹಂದಿಯನ್ನು ಔಷಧ ಅಂಗಡಿಯಿಂದ ಓಡಿಸಲು ಅದೊಂದು ಗುಣವೇ ಸಾಕಾಯಿತು.

ನಾವು ಟೊರಾಂಟೊದಲ್ಲಿದ್ದೇವೆ. ಇಲ್ಲಿ ದನದ ಕೊಬ್ಬಿನ ಮುಲಾಮಿನ ಹುಚ್ಚು ಹಿಡಿದಿದೆ. ಅದು ನಮ್ಮ ಚರ್ಮದ ಸ್ವಂತ ಎಣ್ಣೆಗೆ ಸಮ, ಅದರಲ್ಲಿ ವಿಟಮಿನ್‌ಗಳಿವೆ, ಇಸುಬನ್ನೂ ವಾಸಿ ಮಾಡುತ್ತದೆ ಎನ್ನುತ್ತಾರೆ. ಎರಡು ವರ್ಷದ ಮಗನಿಗೆ ಇಸುಬು ಇದೆ, ಹಚ್ಚಬಹುದೇ? — ತಾಯಿಯೊಬ್ಬರು, ಕೆನಡಾ

ಬೇಡಮ್ಮ. ‘ಚರ್ಮದ ಎಣ್ಣೆಗೆ ಸಮ’ ಎನ್ನುವುದು ಅರ್ಧ ಸತ್ಯ. ನಮ್ಮ ಚರ್ಮ ಸುರಿಸುವ ಮೇದಸ್ಸಿನಲ್ಲಿ ಸುಮಾರು ಕಾಲು ಭಾಗ ಮೇಣದಂಥ ಎಸ್ಟರ್‌ಗಳು, ಶೇ 12ರಷ್ಟು ಸ್ಕ್ವಾಲೀನ್ ಎಂಬ ಜಿಡ್ಡು. ದನದ ಕೊಬ್ಬು ಬಹುಪಾಲು ಟ್ರೈಗ್ಲಿಸರೈಡ್, ಅಂದರೆ ಅಡುಗೆಯ ಎಣ್ಣೆ, ತುಪ್ಪದಲ್ಲಿರುವಂಥ ಸಾಮಾನ್ಯ ಕೊಬ್ಬು. ಅವೆರಡನ್ನೂ ಅದರಲ್ಲಿ ಹುಡುಕಿ ಫಲವಿಲ್ಲ. ವಿಟಮಿನ್‌ಗಳು ಇರುವುದು ಅತ್ಯಲ್ಪ. ಮೇಲಾಗಿ ಅದರಲ್ಲಿ ಓಲಿಯಿಕ್ ಆಮ್ಲ ಎಂಬ ಕೊಬ್ಬಿನಾಮ್ಲ ಹೇರಳ. ಈಗಾಗಲೇ ಸಡಿಲಗೊಂಡ ಚರ್ಮದ ತಡೆಗೋಡೆಯನ್ನು ಈ ಆಮ್ಲ ಇನ್ನಷ್ಟು ಸಡಿಲಿಸಬಲ್ಲದು. ಇಸುಬಿನ ಮಗುವಿನ ತೊಂದರೆಯೇ ಆ ತಡೆಗೋಡೆ. ವೈದ್ಯರು ಹೇಳಿದ ಔಷಧದ ಜೊತೆಗೆ, ಸ್ನಾನವಾದ ತಕ್ಷಣ ಮೈ ಇನ್ನೂ ಹಸಿಯಿರುವಾಗ ಸುವಾಸನೆ ಬೆರೆಸದ ಪೆಟ್ರೋಲಿಯಂ ಜೆಲ್ಲಿ ಸವರಿ. ನೀರಿನಂಶ ಆರಿಹೋಗದಂತೆ ಹಿಡಿಯುವುದರಲ್ಲಿ ಅದನ್ನು ಮೀರಿಸುವುದು ಕಷ್ಟ, ಬೆಲೆಯೂ ಕಡಿಮೆ. ನಿಮ್ಮ ಕೈಗೆ, ತುಟಿಗೆ ಆ ಮುಲಾಮು ಹಚ್ಚಿಕೊಳ್ಳುವುದಾದರೆ ನನ್ನದೇನೂ ತಕರಾರಿಲ್ಲ.

ಜಾತ್ರೆಯಲ್ಲಿ ನವಿಲೆಣ್ಣೆ, ಉಡದ ಎಣ್ಣೆ ಮಾರುತ್ತಾರೆ. ಮಂಡಿನೋವಿಗೂ ಚರ್ಮಕ್ಕೂ ಒಳ್ಳೆಯದಂತೆ. ಕೊಳ್ಳಬಹುದೇ? — ಓದುಗರು, ಹಾವೇರಿ

ಬಾಟಲಿಯಲ್ಲಿರುವುದು ನಕಲಿಯಾದರೆ ನೀವು ಮೋಸ ಹೋದಿರಿ, ಅಸಲಿಯಾದರೆ ನೀವು ಅಪರಾಧಿಯಾದಿರಿ. ನವಿಲು, ಉಡ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಶಿಕ್ಷೆ ಮೂರರಿಂದ ಏಳು ವರ್ಷ ಸೆರೆ. ಕೊಬ್ಬು ಎಂಬ ದೃಷ್ಟಿಯಿಂದಲೂ ಅವುಗಳಲ್ಲಿ ಕುರಿಯದನ್ನು ಮೀರಿಸುವ ಮಹಿಮೆಯೇನೂ ಇಲ್ಲ. ಮಂಡಿಗೆ ಹಿತವೆನಿಸುವುದು ತಿಕ್ಕುವ ಕೈಯಿಂದ.

ನಾವು ಮಾಂಸ ಮುಟ್ಟುವವರಲ್ಲ. ನೂರು ಸಲ ತೊಳೆದ ತುಪ್ಪ ಸುಟ್ಟ ಗಾಯಕ್ಕೆ ರಾಮಬಾಣವೆಂದು ಅಜ್ಜಿ ಹೇಳುತ್ತಿದ್ದರು. ಮನೆಯಲ್ಲಿ ಮಾಡಿಡಬಹುದೇ? — ಓದುಗರು, ಶೃಂಗೇರಿ

ಆಯುರ್ವೇದದ ಶತಧೌತ ಘೃತ ಅದು. ಅಗಲವಾದ ತಾಮ್ರದ ತಟ್ಟೆಯಲ್ಲಿ ಹಸುವಿನ ತುಪ್ಪ ಹಾಕಿ, ತಣ್ಣೀರು ಬೆರೆಸಿ, ತಾಮ್ರದ ತಂಬಿಗೆಯ ತಳದಿಂದ ತಿಕ್ಕುತ್ತ, ನೀರು ಚೆಲ್ಲಿ ಮತ್ತೆ ಹೊಸ ನೀರು ಹಾಕುತ್ತ ಹೋಗುತ್ತಾರೆ. ತುಪ್ಪದ ರವೆ ಒಡೆಯುತ್ತದೆ, ಹಳದಿಯೂ ವಾಸನೆಯೂ ತೊಳೆದು ಹೋಗುತ್ತವೆ, ನೀರನ್ನೂ ಗಾಳಿಯನ್ನೂ ಒಳಗೆ ಹಿಡಿದುಕೊಂಡು ಬಿಳಿಯ ನವಿರಾದ ಲೇಪವಾಗುತ್ತದೆ. ತೋಳು ಸೋಲುತ್ತದೆ, ಮನೆಮಂದಿ ಸರದಿಯಲ್ಲಿ ತಿಕ್ಕಬೇಕು. ಒಣಚರ್ಮಕ್ಕೆ ನನಗೆ ಇಷ್ಟವಾದ ಲೇಪಗಳಲ್ಲಿ ಇದೂ ಒಂದು. ಆದರೆ ಕೊಬ್ಬಿನ ಮುಲಾಮಿಗೆ ಇರುವ ರಕ್ಷಣೆ ಇದಕ್ಕಿಲ್ಲ, ಒಳಗೆ ನೀರಿದೆ. ತಾಮ್ರವೂ ಕೊಬ್ಬನ್ನು ಬೇಗ ಕಮಟು ಮಾಡುತ್ತದೆ. ಸ್ವಲ್ಪವೇ ಮಾಡಿ, ಕೂಡಲೇ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟು ವಾರದೊಳಗೆ ಮುಗಿಸಿ.

ಹೊಸದಾಗಿ ಸುಟ್ಟ ಗಾಯಕ್ಕೆ ಮಾತ್ರ ತುಪ್ಪ, ಬೆಣ್ಣೆ, ಯಾವ ಕೊಬ್ಬೂ ಬೇಡ. ಬಿಸಿಯನ್ನು ಒಳಗೇ ಹಿಡಿದಿಡುತ್ತವೆ. ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಅಜ್ಜಿಯ ಮೇಲಿನ ಗೌರವಕ್ಕೆ ಇದರಿಂದ ಕುಂದಿಲ್ಲ.

ನಮ್ಮ ಸ್ವಸಹಾಯ ಸಂಘದಿಂದ ಈ ಮುಲಾಮನ್ನು ಮಾಡಿ ಮಾರಬೇಕೆಂದಿದ್ದೇವೆ. — ಸಂಘದ ಕಾರ್ಯದರ್ಶಿ, ಚಳ್ಳಕೆರೆ

ಮನೆಬಳಕೆಗೆ ಯಾರ ಅಪ್ಪಣೆಯೂ ಬೇಡ. ಮಾರಾಟಕ್ಕೆ ತಯಾರಿಸುವುದಾದರೆ 2020ರ ಕಾಸ್ಮೆಟಿಕ್ಸ್ ನಿಯಮಗಳಂತೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ಪರವಾನಗಿ ಬೇಕು. ಚೀಟಿಯ ಮೇಲೆ ‘ಇಸುಬು ಗುಣವಾಗುತ್ತದೆ’ ಎಂದು ಬರೆದರೆ ಅದು ಔಷಧದ ಲೆಕ್ಕಕ್ಕೆ ಹೋಗಿ ಕಾನೂನಿನ ತೊಡಕು ಇಮ್ಮಡಿಯಾಗುತ್ತದೆ. ನಿಮ್ಮದು ಕಂಬಳಿಯ ಊರು. ಪರವಾನಗಿಗೆ ಓಡಾಡುವ ತ್ರಾಣವಿದ್ದರೆ ಕುರಿಯ ಉಣ್ಣೆಯ ಜಿಡ್ಡಾದ ಲ್ಯಾನೊಲಿನ್ ಬಗ್ಗೆಯೂ ವಿಚಾರಿಸಿ. ಕುರಿಯನ್ನು ಕೊಲ್ಲದೆಯೇ ಸಿಗುವ ಮುಲಾಮಿನ ಸಾಮಗ್ರಿ ಅದು. ಮನೆಯಲ್ಲಿ ಶುದ್ಧ ಮಾಡುವಂಥದ್ದಲ್ಲ, ಶುದ್ಧೀಕರಿಸಿದ್ದನ್ನೇ ಕೊಳ್ಳಬೇಕು.

ಮುಲಾಮೇನೋ ಆಯಿತು. ಪಾತ್ರೆ ತೊಳೆಯುವುದು ಹೇಗೆ? — ಸೊಸೆ, ದಾವಣಗೆರೆ

ಇಷ್ಟು ಪತ್ರಗಳಲ್ಲಿ ಈ ಪ್ರಶ್ನೆ ಕೇಳಿದವರು ನೀವೊಬ್ಬರೇ. ಕೊಬ್ಬನ್ನು ಸಿಂಕಿಗೆ ಸುರಿಯಬೇಡಿ, ಕೊಳವೆಯೊಳಗೆ ಹೆಪ್ಪುಗಟ್ಟಿ ಕೂರುತ್ತದೆ. ಪಾತ್ರೆ ಬೆಚ್ಚಗಿರುವಾಗಲೇ ಹಳೆಯ ದಿನಪತ್ರಿಕೆಯಿಂದ ಒರೆಸಿ ಕಸಕ್ಕೆ ಹಾಕಿ, ಆಮೇಲೆ ಸೀಗೆಪುಡಿ ಹಚ್ಚಿ ಬಿಸಿನೀರಿನಲ್ಲಿ ಉಜ್ಜಿ. ಸೋಸಿದ ಬಟ್ಟೆಯನ್ನು ತೊಳೆಯುವ ಸಾಹಸ ಬೇಡ, ಒಲೆ ಹೊತ್ತಿಸಲು ಇಟ್ಟುಕೊಳ್ಳಿ.